ನನ್ನದೇ ಜಾಗದಿಂದ ನನ್ನ ಕಾರು ಎಳ್ಕೊಂಡು ಹೋದರು

ಶನಿವಾರ ಬೆಳಿಗ್ಗೆ ಹಾಲು ತರೋಣ ಅಂತ ಕೆಳಗಿಳಿದರೆ ಕಾರೇ ಇಲ್ಲ. ಬಾಡಿಗೆ ಕರಾರಿನಲ್ಲಿ ನಂಬರ್ ಸಮೇತ ನನಗೇ ಬರೆದುಕೊಟ್ಟ ಜಾಗ ಅದು. ನೆಲದ ಮೇಲೆ ಎಣ್ಣೆ ಕಲೆ ಮಾತ್ರ ಉಳಿದಿತ್ತು. ಹಾಸನದಿಂದ ಬಂದಿದ್ದ ಅಪ್ಪ ಬಾಲ್ಕನಿಯಿಂದಲೇ ಕೂಗಿದರು: "ಯಾರೋ ಕದ್ದಿದ್ದಾರೆ ಕಣೋ, ಪೊಲೀಸ್‌ಗೆ ಫೋನ್ ಮಾಡು!"

ಮಾಡಿದ್ದು ಒಳ್ಳೆಯದೇ ಆಯಿತು. ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಇಲ್ಲಿ ಖಾಸಗಿ ಜಾಗದಿಂದ ಗಾಡಿ ಎತ್ತಿದರೆ ಟೋಯಿಂಗ್‌ನವರು ಪೊಲೀಸರಿಗೆ ತಿಳಿಸಲೇಬೇಕು. ತುರ್ತು ಕರೆಯ 911 ಬೇಡ, ಪೊಲೀಸರ ಮಾಮೂಲಿ ನಂಬರ್ ಸಾಕು. ನಂಬರ್ ಪ್ಲೇಟ್ ಹೇಳಿದ ಎರಡೇ ನಿಮಿಷಕ್ಕೆ, ಎಳೆದ ಗಾಡಿಗಳನ್ನು ಇಡುವ ಯಾರ್ಡ್‌ನ ವಿಳಾಸ ಸಿಕ್ಕಿತು.

ಯಾರ್ಡ್‌ನಲ್ಲಿ 362 ಡಾಲರ್ ಕೇಳಿದರು. ಜಗಳ ಆಡೋಣ ಅನ್ನಿಸಿತು, ಆಡಲಿಲ್ಲ. ಕಾರು ಅಲ್ಲೇ ಬಿಟ್ಟರೆ ದಿನದ ಲೆಕ್ಕದಲ್ಲಿ ಬಾಡಿಗೆ ಏರುತ್ತಾ ಹೋಗುತ್ತದೆ. ಕಾರ್ಡಿನಲ್ಲಿ ದುಡ್ಡು ಕೊಟ್ಟು, ಬಿಡಿ ಬಿಡಿಯಾಗಿ ಬರೆದ ಬಿಲ್ಲು, ಎಳೆಯುವ ಮುಂಚೆ ತೆಗೆದ ಫೋಟೋ, ಮಾಲೀಕರ ಕಡೆಯವರು ಸಹಿ ಹಾಕಿದ ಒಪ್ಪಿಗೆ ಪತ್ರದ ನಕಲು, ಮೂರನ್ನೂ ಕೇಳಿ ಪಡೆದೆ. ಫೋಟೋದಲ್ಲಿ ನನ್ನ ಕಾರು ನನ್ನ ನಂಬರಿನ ಮೇಲೇ ನಿಂತಿತ್ತು. (ಎಳೆಯುವಾಗಲೇ ನೀವು ಓಡಿ ಬಂದಿರಿ ಅಂದುಕೊಳ್ಳಿ. ಗಾಡಿ ಇನ್ನೂ ಆವರಣ ದಾಟಿಲ್ಲ ಅಂದ್ರೆ ಅಲ್ಲೇ ಬಿಡಬೇಕು, ಅರ್ಧ ಚಾರ್ಜಿಗಿಂತ ಜಾಸ್ತಿ ಕೇಳುವಂತಿಲ್ಲ.)

ನಮ್ಮ ಅಪಾರ್ಟ್‌ಮೆಂಟಿನ ಆಫೀಸಿನಲ್ಲಿ ಮ್ಯಾನೇಜರ್ ಹೇಳಿದ ಕಾರಣ ಒಂದೇ: ಹೊಸ ಪಾರ್ಕಿಂಗ್ ಸ್ಟಿಕ್ಕರ್ ಹಚ್ಚಿರಲಿಲ್ಲ, ಇಮೇಲ್ ಕಳಿಸಿದ್ದೆವಲ್ಲ! ಕಳಿಸಿದ್ದರು, ನಿಜ. ನಾನು ನೋಡಿರಲಿಲ್ಲ. ನನ್ನ ತಪ್ಪು ಅಷ್ಟರ ಮಟ್ಟಿಗೆ ಇದೆ.

ಆದರೆ ಸ್ಟಿಕ್ಕರ್ ಇಲ್ಲ ಅಂತ ರಾತ್ರೋರಾತ್ರಿ ಎತ್ತಬಹುದಾ? ಇಲ್ಲಿನ ವೆಹಿಕಲ್ ಕೋಡ್‌ನ 22658ನೇ ಸೆಕ್ಷನ್ ಓದಿದೆ. ಉದ್ದ ಇದೆ, ಆದರೆ ಕಬ್ಬಿಣದ ಕಡಲೆಯೇನಲ್ಲ. ಆವರಣದ ಪ್ರತಿ ಬಾಗಿಲಲ್ಲೂ ಕನಿಷ್ಠ 17 ಇಂಚು ಅಗಲ, 22 ಇಂಚು ಉದ್ದದ, ಅನುಮತಿ ಇಲ್ಲದ ಗಾಡಿ ಎಳೆಸುತ್ತೇವೆ ಅನ್ನುವ ಬೋರ್ಡ್ ಇರಬೇಕು. ಅಕ್ಷರ ಒಂದು ಇಂಚಿಗಿಂತ ಸಣ್ಣದಿರಬಾರದು. ಪೊಲೀಸರ ನಂಬರ್, ಟೋಯಿಂಗ್ ಕಂಪನಿಯ ಹೆಸರು, ನಂಬರ್ ಬೇಕು. ಬೋರ್ಡ್ ಇಲ್ಲದಿದ್ದರೆ ಗಾಡಿಗೆ ನೋಟಿಸ್ ಅಂಟಿಸಿ 96 ಗಂಟೆ ಕಾಯಬೇಕು. ನನಗೆ ನೋಟಿಸ್ ಇರಲೇ ಇಲ್ಲ.

ಸರಿ, ಬೋರ್ಡ್ ಅಳೆಯೋಣ ಅಂತ ಹೊರಟೆ. ಅಪ್ಪ ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಚೈನು ಹಿಡಿದವರು. ನನ್ನ ಹೆಂಡತಿಯ ಹೊಲಿಗೆ ಟೇಪನ್ನು ನನ್ನ ಕೈಯಿಂದ ಕಿತ್ತುಕೊಂಡರು. "ಟೇಪು ಸಡಿಲ ಬಿಡಬೇಡ, ಫೋಟೋದಲ್ಲಿ ಅಂಕಿ ಕಾಣಲಿ" ಅಂತ ನನಗೇ ಪಾಠ. ಮುಂದಿನ ಗೇಟಿನ ಬೋರ್ಡ್ 12ಕ್ಕೆ 18. ಹಿಂದಿನ ಗೇಟಿನಲ್ಲಿ ಬೋರ್ಡೇ ಇಲ್ಲ, ಮೊಳೆಯ ತೂತು ಎರಡು ಇದ್ದವು.

ಬೋರ್ಡ್ ನಿಯಮ ಪಾಲಿಸದೆ ಎಳೆಸಿದರೆ ಜಾಗದ ಮಾಲೀಕರೇ ಟೋಯಿಂಗ್ ಖರ್ಚಿನ ಎರಡರಷ್ಟು ಕೊಡಬೇಕು ಅನ್ನುತ್ತದೆ ಅದೇ ಸೆಕ್ಷನ್. 724 ಡಾಲರ್ ಕೇಳಿ ಪತ್ರ ಬರೆದೆ. ಕರಾರಿನ ಪಾರ್ಕಿಂಗ್ ಪುಟ, ಬಿಲ್ಲು, ಟೇಪಿನ ಫೋಟೋ ಲಗತ್ತಿಸಿ, ತಲುಪಿದ್ದಕ್ಕೆ ರಸೀದಿ ಬರುವ ಹಾಗೆ ಅಂಚೆಗೆ ಹಾಕಿದೆ. ಬಾಡಿಗೆಯಲ್ಲಿ ಮುರಿದುಕೊಳ್ಳೋಣ ಅಂತ ಸ್ನೇಹಿತರೊಬ್ಬರು ಹೇಳಿದರು. ದಯವಿಟ್ಟು ಆ ಕೆಲಸ ಮಾಡಬೇಡಿ. ಬಾಡಿಗೆ ಬಾಕಿ ಅಂತ ಮನೆ ಖಾಲಿ ಮಾಡಿಸಲು ಅವರಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ.

ಎರಡು ವಾರ ಉತ್ತರ ಇಲ್ಲ. ಸಣ್ಣ ಮೊತ್ತದ ದಾವೆ ನಡೆಸುವ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಹಾಕಿದೆ. 1,500 ಡಾಲರ್ ಒಳಗಿನ ದಾವೆಗೆ ಶುಲ್ಕ 30 ಡಾಲರ್. ವಿಚಾರಣೆಗೆ ಎರಡೂ ಕಡೆ ವಕೀಲರು ನಿಲ್ಲುವಂತಿಲ್ಲ, ನಮ್ಮಂಥವರಿಗೆ ಅದೇ ದೊಡ್ಡ ಅನುಕೂಲ. ನೋಟಿಸ್ ತಲುಪಿದ ನಾಲ್ಕನೇ ದಿನ ಆಫೀಸಿನಿಂದ ಫೋನ್: 362 ಕೊಡ್ತೀವಿ, ಕೇಸ್ ವಾಪಸ್ ತಗೊಳ್ಳಿ. ಆಗಲ್ಲ ಅಂದೆ. ವಿಚಾರಣೆಗೆ ವಾರ ಇರುವಾಗ 754 ಡಾಲರ್ ಚೆಕ್ ಬಂತು. ಚೆಕ್ ಪಾಸಾದ ಮೇಲೆಯೇ ಕೇಸ್ ವಾಪಸ್ ತೆಗೆದುಕೊಂಡೆ.

ಮುಂದಿನ ತಿಂಗಳು ಎರಡೂ ಗೇಟಿಗೆ ಹೊಸ ಬೋರ್ಡ್ ಬಂತು. ಊರಿಗೆ ಹೊರಡುವ ಹಿಂದಿನ ದಿನ ಅಪ್ಪ ಟೇಪು ಹಿಡಿದು ಅದನ್ನೂ ಅಳೆದರು. 18ಕ್ಕೆ 24.