ವಿಎಸ್1053 ಬೋರ್ಡ್‌ನಿಂದ ಹಾಡು ಹೊರಡಿಸಿದ್ದು

ಎಸ್‌ಡಿ ಕಾರ್ಡ್‌ನಲ್ಲಿರುವ ಎಂಪಿ3 ಹಾಡುಗಳನ್ನು ನುಡಿಸುವ ಪುಟ್ಟ ಪ್ಲೇಯರ್ ಮಾಡಬೇಕೆಂದು ಕೂತೆ. ಇಎಸ್‌ಪಿ32 ಎಂಬ ಮೈಕ್ರೋಕಂಟ್ರೋಲರ್ (ಕೋಡ್ ಓಡಿಸುವ ಪುಟ್ಟ ಚಿಪ್) ಮನೆಯಲ್ಲೇ ಇತ್ತು. ಎಂಪಿ3 ಫೈಲನ್ನು ಸದ್ದಾಗಿ ಬಿಡಿಸಲು, ಅಂದರೆ ಡಿಕೋಡ್ ಮಾಡಲು, ವಿಎಸ್1053 ಚಿಪ್ ಕೂರಿಸಿದ, ತಯಾರಕರ ಹೆಸರೂ ಇಲ್ಲದ ಒಂದು ಅಗ್ಗದ ಬೋರ್ಡ್ ತಂದೆ. ಚಿಪ್ ಫಿನ್‌ಲ್ಯಾಂಡ್‌ನ ವಿಎಲ್‌ಎಸ್‌ಐ ಸೊಲ್ಯೂಷನ್‌ನದ್ದು. ಅದರ ಡೇಟಾಶೀಟ್ ತುಂಬ ಚೆನ್ನಾಗಿದೆ, ಆದರೆ ಪೂರ್ತಿ ಓದುವ ತಾಳ್ಮೆ ಯಾರಿಗಿರುತ್ತೆ ಹೇಳಿ!

ಈ ಚಿಪ್‌ಗೆ ಏನೇ ಹೇಳಬೇಕಿದ್ದರೂ ಎಸ್‌ಪಿಐ (ಚಿಪ್‌ಗಳು ಪರಸ್ಪರ ಮಾತಾಡುವ ತಂತಿಗಳ ಸಂಪರ್ಕ) ಮೂಲಕ ನಾಲ್ಕು ಬೈಟ್ ಕಳಿಸಬೇಕು. ಮೊದಲನೆಯದು 2 ಆದರೆ ಬರೆಯುವುದು, 3 ಆದರೆ ಓದುವುದು. ಆಮೇಲೆ ರಿಜಿಸ್ಟರ್ (ಚಿಪ್‌ನೊಳಗಿನ ಸಣ್ಣ ನೆನಪಿನ ಗೂಡು) ವಿಳಾಸ, ಕೊನೆಗೆ 16 ಬಿಟ್ ಮೌಲ್ಯ. ಚಿಪ್ ಹೇಗೆ ಕೆಲಸ ಮಾಡಬೇಕೆಂದು ಹೇಳುವ ಮೋಡ್ ರಿಜಿಸ್ಟರ್‌ನ ವಿಳಾಸ 0.

ನಾನು ಯಾವ ಚಿಪ್ ತಂದರೂ ಬರೆಯುವ ಮೊದಲು ಓದಿ ನೋಡುತ್ತೇನೆ. ಆರಂಭದಲ್ಲಿ ಚಿಪ್ ತನ್ನ 12.288 ಮೆಗಾಹರ್ಟ್ಸ್ ಕ್ರಿಸ್ಟಲ್ ವೇಗದಲ್ಲೇ ಓಡುತ್ತಿರುತ್ತದೆ. ಓದುವ ವೇಗ ಅದರ ಏಳನೇ ಒಂದು ಭಾಗ ಮೀರಬಾರದು. ಹಾಗಾಗಿ ಎಸ್‌ಪಿಐ 1 ಮೆಗಾಹರ್ಟ್ಸ್‌ಗೆ ಇಟ್ಟೆ. ಮೋಡ್‌ನಲ್ಲಿ ಹೆಕ್ಸ್ (16ರ ಆಧಾರದ ಸಂಖ್ಯೆ) 4800 ಬಂತು. ಅದು ಇರಬೇಕಾದದ್ದೇ: 11 ಮತ್ತು 14ನೇ ಬಿಟ್ ಆನ್. ವೈರಿಂಗ್ ಸರಿಯಿದೆ ಅಂತಾಯಿತು.

ಆದರೆ ಹಾಡು ಕಳಿಸಿದರೆ ಸದ್ದೇ ಇಲ್ಲ.

ಆಗ 5ನೇ ರಿಜಿಸ್ಟರ್ ಓದಿದೆ. ಅದು ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಧ್ವನಿ ಮಾದರಿ ಎಂದು, ಮಾಮೂಲಿ ದಶಮಾಂಶ ಸಂಖ್ಯೆಯಲ್ಲಿ ಹೇಳಿದರೆ ಹೀಗೆ: ಹಾಡು ಕಳಿಸುವ ಮೊದಲು ಅಲ್ಲಿ 8000 ಇರಬೇಕಿತ್ತು, ಇದ್ದದ್ದು 44101. ಕೊನೆಯ 1 ಅಂದರೆ ಸ್ಟೀರಿಯೋ, ಉಳಿದದ್ದು 44100. ಯಾವ ಫೈಲೂ ಇಲ್ಲದೆ 44100 ಬಂದರೆ ಚಿಪ್ ಮಿಡಿ ವಾದ್ಯವಾಗಿ (ಫೈಲ್ ಬಿಡಿಸದೆ, ಸ್ವರದ ಸೂಚನೆ ಪಡೆದು ನುಡಿಸುವಂತೆ) ಎದ್ದಿದೆ ಎಂದೇ ಅರ್ಥ. ರೀಸೆಟ್ ಆಗುವಾಗ ಚಿಪ್‌ನ ಜಿಪಿಐಒ0 ಪಿನ್ ಕೆಳಗೆ (ತರ್ಕದ 0), ಜಿಪಿಐಒ1 ಪಿನ್ ಮೇಲೆ (ತರ್ಕದ 1) ಇದ್ದರೆ ಹೀಗಾಗುತ್ತದೆ. ಬೋರ್ಡ್ ಮಾಡಿದವರು ಜಿಪಿಐಒ1 ಪಿನ್ ಅನ್ನು ಗ್ರೌಂಡ್‌ಗೆ ಎಳೆದೇ ಇರಲಿಲ್ಲ. ಮೋಡ್ ರಿಜಿಸ್ಟರ್‌ನ ಯಾವ ಬಿಟ್ಟೂ ಇದನ್ನು ತೋರಿಸುವುದಿಲ್ಲ, ಅದೇ ತಲೆನೋವು.

ಒಂದು ರೆಸಿಸ್ಟರ್ ಬೆಸುಗೆ ಹಾಕಿದರೆ ಮುಗಿಯಿತು, ನಿಜ. ಆದರೆ ಅಷ್ಟು ಸಣ್ಣ ಜಾಗದಲ್ಲಿ ಬೆಸುಗೆ ನನಗೆ ಆಗಿಬರಲ್ಲ. ಕೋಡ್‌ನಲ್ಲೇ ಮಾಡಿದೆ. 7ನೇ ರಿಜಿಸ್ಟರ್‌ಗೆ ಚಿಪ್‌ನ ಒಳವಿಳಾಸ ಹೆಕ್ಸ್ ಸಿ017 ಬರೆದು, 6ನೇದಕ್ಕೆ ಅಲ್ಲಿ ಹಾಕಬೇಕಾದ ಮೌಲ್ಯ 3 ಬರೆದೆ. ಎರಡೂ ಪಿನ್ ಔಟ್‌ಪುಟ್ ಆದವು. ಮತ್ತೆ 7ಕ್ಕೆ ಸಿ019, 6ಕ್ಕೆ 0. ಎರಡೂ ಕೆಳಗಿಳಿದವು. ಈಗ ಮೋಡ್‌ಗೆ ಹೆಕ್ಸ್ 4804 ಬರೆದರೆ ಸಾಫ್ಟ್ ರೀಸೆಟ್, ಅಂದರೆ ಕೋಡ್‌ನಿಂದಲೇ ಮರುಆರಂಭ. ಚಿಪ್ ಪಿನ್‌ಗಳನ್ನು ಹೊಸದಾಗಿ ನೋಡಿ ಎಂಪಿ3 ಡಿಕೋಡರ್ ಆಗಿ ಎದ್ದಿತು. 5ನೇ ರಿಜಿಸ್ಟರ್‌ನಲ್ಲಿ 8000!

ಆಮೇಲೆ 3ನೇ ರಿಜಿಸ್ಟರ್‌ಗೆ ಹೆಕ್ಸ್ 8800 ಬರೆದು ಕ್ಲಾಕ್ ಮೂರೂವರೆ ಪಟ್ಟು ಮಾಡಿದೆ, ಎಸ್‌ಪಿಐ ವೇಗ 4 ಮೆಗಾಹರ್ಟ್ಸ್‌ಗೆ ಏರಿಸಿದೆ. ಇನ್ನಷ್ಟು ಡೇಟಾ ಕೊಡಿ ಎಂದು ಚಿಪ್ ಕೇಳುವ ಡಿಆರ್‌ಇಕ್ಯೂ ಪಿನ್ ಮೇಲಿದ್ದಾಗ 32 ಬೈಟ್‌ನಂತೆ ಕಳಿಸುತ್ತಾ ಹೋದರೆ ಸಾಕು, ಹಾಡು ಸಲೀಸಾಗಿ ಬರುತ್ತದೆ.

ಮುಂದಿನ ಹಾಡಿಗೆ ಹಾರುವುದೇ ಸ್ವಲ್ಪ ನಾಜೂಕು. ಸುಮ್ನೆ ಫೈಲ್ ಬದಲಿಸಿದರೆ ಹಳೆಯ ಹಾಡಿನ ಚೂರು ಬಫರ್‌ನಲ್ಲೇ ಉಳಿದಿರುತ್ತದೆ. ಮೋಡ್‌ಗೆ ಹೆಕ್ಸ್ 4808 ಬರೆಯಿರಿ, ಅದು ಕ್ಯಾನ್ಸಲ್ ಬಿಟ್ ಆನ್ ಮಾಡುತ್ತದೆ. ಬರೆದ ಮೇಲೂ ಹಳೆಯ ಫೈಲನ್ನೇ 32 ಬೈಟ್‌ನಂತೆ ಕಳಿಸುತ್ತಾ, ಪ್ರತಿ ಸಲ ಮೋಡ್ ಓದುತ್ತಿರಬೇಕು. ಬಿಟ್ ತಾನಾಗಿ 0 ಆದಾಗ ಚಿಪ್ ಒಪ್ಪಿಕೊಂಡಿತು ಅಂತ. 2048 ಬೈಟ್ ಕಳಿಸಿದರೂ ಆಗದಿದ್ದರೆ ಸಾಫ್ಟ್ ರೀಸೆಟ್ಟೇ ಗತಿ.

ಹೆಡ್‌ಫೋನ್ ಹಾಕುವವರು ಮೋಡ್‌ಗೆ ಹೆಕ್ಸ್ 4810 ಬರೆದು ನೋಡಿ. ಇಯರ್‌ಸ್ಪೀಕರ್ ಎಂಬ ಸೌಲಭ್ಯದ ಕಡಿಮೆ ಮಟ್ಟ ಅದು, ಧ್ವನಿ ತಲೆಯೊಳಗಲ್ಲದೆ ಎದುರಿನಿಂದ ಬಂದಂತಿರುತ್ತದೆ. 4890 ಅತಿ ಹೆಚ್ಚಿನ ಮಟ್ಟ. ನನಗೆ ಅದು ಜಾಸ್ತಿಯಾಯಿತು, 4810ರಲ್ಲೇ ಬಿಟ್ಟಿದ್ದೇನೆ.