ಲೇಸರ್ ಆದ ಮೇಲೆ ಚರ್ಮ ಸುಟ್ಟಿದ್ದರೆ ಏನು ಮಾಡಬೇಕು?

ಮದುವೆ ಸೀಸನ್ ಹತ್ತಿರ ಬಂತೆಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿಯಲ್ಲಿ ಲೇಸರ್ ಕ್ಲಿನಿಕ್‌ಗಳ ಮುಂದೆ ಪಾಳಿ ಶುರುವಾಗುತ್ತದೆ. ಗದ್ದದ ಕೂದಲು, ಮೊಡವೆ ಕಲೆ, ಬೇಡವಾದ ಹಚ್ಚೆ, ಎಲ್ಲಕ್ಕೂ ಲೇಸರ್. ಬಹಳ ಜನರಿಗೆ ತೊಂದರೆ ಆಗುವುದಿಲ್ಲ. ಕೆಲವರಿಗೆ ಚರ್ಮ ಸುಡುತ್ತದೆ. ಆ ಸುಟ್ಟ ಗಾಯ ಹೆಚ್ಚಾಗಿ ತಾನೇ ಮಾಯುತ್ತದೆ. ಕಲೆ ಉಳಿಯುವಂತೆ ಮಾಡುವುದು ಎಷ್ಟೋ ಸಲ ಆಮೇಲಿನ ನಮ್ಮ ಅವಸರವೇ.

ಸುಟ್ಟಿದೆಯೋ ಇಲ್ಲವೋ, ಮೊದಲು ಗುರುತಿಸಿ

ಲೇಸರ್ ಆದ ಕೂಡಲೇ ಚರ್ಮ ಕೆಂಪಾಗುವುದು, ಕೂದಲಿನ ಬುಡ ಸ್ವಲ್ಪ ಊದುವುದು, ಸಣ್ಣಗೆ ಉರಿಯುವುದು ಮಾಮೂಲಿ. ಕೆಲವು ಗಂಟೆಗಳಲ್ಲಿ, ಜಾಸ್ತಿ ಅಂದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ನೀರು ತುಂಬಿದ ಗುಳ್ಳೆ ಎದ್ದರೆ, ಚರ್ಮ ಬಿಳಿಚಿಕೊಂಡರೆ ಅಥವಾ ಬೂದು ಬಣ್ಣಕ್ಕೆ ತಿರುಗಿದರೆ, ರಾತ್ರಿ ಹೊತ್ತಿಗೆ ನೋವು ಏರುತ್ತಾ ಹೋದರೆ ಅದು ಸುಟ್ಟ ಗಾಯ. ಇನ್ನೊಂದು ಗುರುತು ಕನ್ನಡಿಯಲ್ಲೇ ಕಾಣುತ್ತದೆ. ಮಷಿನ್ನಿನ ತುದಿ ಚೌಕವಾಗಿದ್ದರೆ ಚೌಕ, ದುಂಡಗಿದ್ದರೆ ದುಂಡು ಕಲೆಗಳು, ರಬ್ಬರ್ ಸ್ಟ್ಯಾಂಪ್ ಒತ್ತಿದಂತೆ ಸಾಲಾಗಿ ಮೂಡಿರುತ್ತವೆ.

ನಮ್ಮ ಕಡೆಯವರ ಚರ್ಮಕ್ಕೆ ಈ ಅಪಾಯ ಜಾಸ್ತಿ. ಕೂದಲು ತೆಗೆಯುವ ಲೇಸರ್‌ನ ಬೆಳಕು ಹುಡುಕುವುದು ಕೂದಲಿನ ಬುಡದಲ್ಲಿರುವ ಮೆಲನಿನ್ ಎಂಬ ಕಪ್ಪು ಬಣ್ಣವನ್ನು. ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲಿ ಮೇಲ್ಪದರದಲ್ಲೂ ಮೆಲನಿನ್ ತುಂಬಾ ಇರುತ್ತದೆ. ಹೀಗಾಗಿ ಬುಡಕ್ಕೆ ಹೋಗಬೇಕಾದ ಶಾಖ ಮೇಲೆಯೇ ಉಳಿಯುತ್ತದೆ. 1064 ನ್ಯಾನೋಮೀಟರ್ ತರಂಗಾಂತರದ ಎನ್‌ಡಿ ಯಾಗ್ ಎಂಬ ಲೇಸರ್ ಆಳಕ್ಕೆ ಇಳಿಯುವುದರಿಂದ ನಮ್ಮಂಥವರಿಗೆ ಹೆಚ್ಚು ಸುರಕ್ಷಿತ. 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್ ಲೇಸರ್ ಸುಡುವ ಸಂಭವ ಹೆಚ್ಚು. ಬಿಸಿಲಿಗೆ ಕಪ್ಪಾದ ಮುಖಕ್ಕೆ ಲೇಸರ್ ಮಾಡಿಸಿದರಂತೂ ಇನ್ನೂ ಕಷ್ಟ.

ಮೊದಲ ಮೂರು ಗಂಟೆ

ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಸಿ. ಸುಟ್ಟು ಮೂರು ಗಂಟೆಯೊಳಗೆ ಯಾವಾಗ ಮಾಡಿದರೂ ಉಪಯೋಗವಿದೆ. ಆದರೆ ಒಂದು ಮಾತು. ಏಪ್ರಿಲ್ ಮಧ್ಯಾಹ್ನ ವಿಜಯಪುರದಲ್ಲಿ ನಲ್ಲಿ ತಿರುವಿದರೆ ಬರುವುದು ತಣ್ಣೀರಲ್ಲ, ಮಾಳಿಗೆ ಮೇಲಿನ ಟ್ಯಾಂಕಿನಲ್ಲಿ ಕಾದ ನೀರು. ಮೊದಲು ಕೈಗೆ ಸುರಿದುಕೊಂಡು ನೋಡಿ. ಬಿಸಿ ಇದ್ದರೆ ಹರವಿಯ ನೀರು ತೆಗೆದುಕೊಳ್ಳಿ, ಚರಿಗೆಯಿಂದ ನಿಧಾನ ಸುರಿಯಿರಿ. ಮುಖಕ್ಕಾದರೆ ಮೆತ್ತನೆಯ ಶುದ್ಧ ಬಟ್ಟೆ ಅದ್ದಿ ಇಟ್ಟುಕೊಳ್ಳಿ, ಬೆಚ್ಚಗಾದ ಕೂಡಲೇ ಮತ್ತೆ ಅದ್ದಿ.

ಐಸ್ ಬೇಡ, ಅದು ಚರ್ಮವನ್ನು ಇನ್ನಷ್ಟು ಕೆಡಿಸುತ್ತದೆ. ಟೂತ್‌ಪೇಸ್ಟ್, ಅರಿಶಿನ, ತುಪ್ಪ, ಹಿತ್ತಲಿನ ಲೋಳೆಸರ ಕೂಡ ಬೇಡ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಹುಬ್ಬಿನ ಹತ್ತಿರ ಲೇಸರ್ ಮಾಡಿದ ಮೇಲೆ ಕಣ್ಣು ನೋಯುತ್ತಿದ್ದರೆ, ದೃಷ್ಟಿ ಮಂಜಾಗಿದ್ದರೆ ಚರ್ಮದ ಚಿಂತೆ ಪಕ್ಕಕ್ಕಿಡಿ. ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.

ಡಾಕ್ಟರ್ ಯಾರು?

ಗುಳ್ಳೆ ಎದ್ದಿದ್ದರೆ ಒಂದೆರಡು ದಿನದೊಳಗೆ ಚರ್ಮರೋಗ ತಜ್ಞರಿಗೆ ತೋರಿಸಿ. ಲೇಸರ್ ಮಾಡಿದ ಕ್ಲಿನಿಕ್ಕಿಗೂ ತಿಳಿಸಿ, ಆದರೆ ಬೇರೆ ಕಡೆಯೂ ಒಮ್ಮೆ ತೋರಿಸುವುದು ಒಳ್ಳೆಯದು. ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್‌ಇ, ವಿಜಯಪುರದ ಬಿಎಲ್‌ಡಿಇ, ಬಾಗಲಕೋಟೆಯ ನಿಜಲಿಂಗಪ್ಪ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ.

ಹಕ್ಕಳೆ ಉದುರುವ ತನಕ

ಮೇಲ್ಪದರ ಮಾತ್ರ ಸುಟ್ಟಿದ್ದರೆ ಸಾಧಾರಣವಾಗಿ ಒಂದೆರಡು ವಾರದಲ್ಲಿ ಮಾಯುತ್ತದೆ. ದಿನಕ್ಕೆ ಎರಡು ಸಲ ಸೌಮ್ಯ ಸೋಪಿನಿಂದ ತೊಳೆದು, ಒತ್ತಿ ಒರೆಸಿ, ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಹಚ್ಚಿ. ಒಣಗಲಿ ಅಂತ ಸುಮ್ನೆ ಬಿಡಬೇಡಿ. ಹಸಿಯಾಗಿಟ್ಟ ಗಾಯ ಬೇಗ ಮಾಯುತ್ತದೆ. ಗುಳ್ಳೆ ಒಡೆಯಬೇಡಿ, ಹಕ್ಕಳೆ ಕೀಳಬೇಡಿ. ಕಿತ್ತ ಪ್ರತಿ ಹಕ್ಕಳೆಯೂ ಕಲೆಗೆ ದಾರಿ. ಕೆಂಪು ಸುತ್ತಲೂ ಹರಡುತ್ತಿದ್ದರೆ, ಕೀವು ಬಂದರೆ, ಜ್ವರ ಕಾಣಿಸಿದರೆ ಮಾರನೇ ದಿನಕ್ಕೆ ತಳ್ಳಬೇಡಿ.

ನಮ್ಮ ಭಾಗದಲ್ಲಿ ಕಷ್ಟ ಬರುವುದು ಇಂಥ ದಿನಗಳಲ್ಲೇ. ಮದುಮಗಳಿಗೆ ಅರಿಶಿನ ಹಚ್ಚುವ ಶಾಸ್ತ್ರ ಬಿಡಲಾಗುವುದಿಲ್ಲ, ಅಲ್ವಾ? ಅಂಗೈಗೆ, ಕಾಲಿಗೆ ಹಚ್ಚಿಸಿಕೊಳ್ಳಿ, ಮುಖ ಬಿಡಲಿ. ಹಿರಿಯರಿಗೆ ಮೊದಲೇ ಹೇಳಿದರೆ ಯಾರೂ ಹಟ ಮಾಡುವುದಿಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದವರಿಗೂ ಇದೇ ಮಾತು. ಭಂಡಾರದ ಅರಿಶಿನ ಪುಡಿ ಹಸಿ ಗಾಯದ ಮೇಲೆ ಬೀಳದಂತೆ ನೋಡಿಕೊಳ್ಳಿ. ರೊಟ್ಟಿ ಬಡಿಯುವ ಕೆಲಸ ಸ್ವಲ್ಪ ದಿನ ಬೇರೆಯವರಿಗೆ ಕೊಡಿ, ಕಾದ ಹಂಚಿನ ಝಳ ಸುಟ್ಟ ಮುಖಕ್ಕೆ ಒಳ್ಳೆಯದಲ್ಲ. ಗಾಡಿಯ ಮೇಲೆ ಹೋಗುವಾಗ ಬಿಗಿಯಾಗಿ ಸುತ್ತಿದ ಸಿಂಥೆಟಿಕ್ ಸ್ಕಾರ್ಫ್ ಉಜ್ಜುತ್ತದೆ, ಹತ್ತಿಯದು ಸಡಿಲವಾಗಿ ಇರಲಿ.

ಕಪ್ಪು ಕಲೆ ಉಳಿದಾಗ

ಗಾಯ ಮಾಯ್ದ ಜಾಗ ಹೆಚ್ಚಾಗಿ ಕಪ್ಪಗಾಗುತ್ತದೆ. ಮೇಲ್ಪದರದ ಕಂದು ಕಲೆ ಮಾಸಲು ತಿಂಗಳುಗಳೇ ಬೇಕು. ಬೂದು ಛಾಯೆಯಿದ್ದರೆ ಬಣ್ಣ ಆಳದಲ್ಲಿದೆ, ಇನ್ನೂ ತಡ. ದೊಡ್ಡ ಔಷಧವೆಂದರೆ ಬಿಸಿಲು ತಪ್ಪಿಸುವುದು. ಗಾಯ ಪೂರ್ತಿ ಮುಚ್ಚಿದ ಮೇಲೆ ಎಸ್‌ಪಿಎಫ್ 30ಕ್ಕಿಂತ ಮೇಲಿನ ಸನ್‌ಸ್ಕ್ರೀನ್ ಹಚ್ಚಿ. ಮುಖ, ಕುತ್ತಿಗೆಗೆ ಎರಡು ಬೆರಳಿನ ಉದ್ದದಷ್ಟು ಬೇಕು, ಹೊರಗಿದ್ದರೆ ಎರಡು ತಾಸಿಗೊಮ್ಮೆ ಮತ್ತೆ. ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುವುದರಿಂದ ನಮ್ಮ ಚರ್ಮಕ್ಕೆ ಒಳ್ಳೆಯದು. ಅಜೆಲಾಯಿಕ್ ಆಸಿಡ್, ಹೈಡ್ರೋಕ್ವಿನೋನ್ ಇತ್ಯಾದಿ ಕಲೆ ತಿಳಿಯಾಗಿಸುವ ಕ್ರೀಮ್‌ಗಳು ಡಾಕ್ಟರ್ ಬರೆದರೆ ಮಾತ್ರ.

ಇಲ್ಲೇ ಮೆಡಿಕಲ್ ಶಾಪಿನ ಸಲಹೆ ಬರುತ್ತದೆ. ‘ಅಕ್ಕಾರ, ಈ ಟ್ಯೂಬ್ ಹಚ್ಚರಿ, ವಾರದಾಗ ಬೆಳ್ಳಗಾಗ್ತದ.’ ಬೆಳ್ಳಗೇನೋ ಆಗುತ್ತದೆ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೆರಾಯ್ಡ್. ಡಾಕ್ಟರ್ ಲೆಕ್ಕ ಹಾಕಿ ಕೆಲವು ದಿನಕ್ಕೆ ಬರೆಯುವುದು ಬೇರೆ. ಕೇಳದೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳ ಕಾಣಿಸಿ, ಬಿಟ್ಟ ಕೂಡಲೇ ಮುಖ ಉರಿಯತೊಡಗುತ್ತದೆ.

‘ಇನ್ನೊಂದು ಸಿಟಿಂಗ್‌ನಲ್ಲಿ ಸರಿ ಮಾಡೋಣ’ ಎಂದು ಕ್ಲಿನಿಕ್ಕಿನವರು ಕರೆದರೂ ಬಣ್ಣ ನೆಲೆಗೊಳ್ಳುವ ತನಕ ಹೋಗಬೇಡಿ. ಕಪ್ಪಾದ ಜಾಗ ಬೆಳಕನ್ನು ಇನ್ನೂ ಜಾಸ್ತಿ ಹೀರುತ್ತದೆ. ಕೆಲವರಿಗೆ ಕಪ್ಪಿನ ಬದಲು ಬಿಳಿ ಮಚ್ಚೆ ಉಳಿಯುತ್ತದೆ. ಮನೆಯವರು ತೊನ್ನು ಎಂದು ಗಾಬರಿಯಾಗುತ್ತಾರೆ, ಹೆಣ್ಣು ನೋಡಲು ಬಂದವರ ಮುಂದೆ ಮುಚ್ಚಿಡುತ್ತಾರೆ. ಸುಟ್ಟ ಜಾಗದಲ್ಲಿ ಬಣ್ಣ ಹೋಗಿರುವುದಷ್ಟೇ. ತೊನ್ನು ಕೂಡ ಅಂಟುವ ರೋಗವಲ್ಲ ಅನ್ನುವುದು ಬೇರೆ ಮಾತು. ಗಾಯ ಉಬ್ಬಿ ಗಟ್ಟಿಯಾಗುತ್ತಿದ್ದರೆ ಬೇಗ ತೋರಿಸಿ, ಸಿಲಿಕೋನ್ ಜೆಲ್, ಇಂಜೆಕ್ಷನ್‌ಗಳಿವೆ.

ಕಾಗದಪತ್ರ

ಮೊದಲ ದಿನದಿಂದಲೇ ಒಂದೇ ಬೆಳಕಿನಲ್ಲಿ ಫೋಟೋ ತೆಗೆದಿಡಿ. ಬಿಲ್, ಸಹಿ ಹಾಕಿದ ಒಪ್ಪಿಗೆ ಪತ್ರದ ಪ್ರತಿ, ಯಾವ ಮಷಿನ್, ಎಷ್ಟು ಶಕ್ತಿ, ಲೇಸರ್ ಹೊಡೆದವರು ಡಾಕ್ಟರೋ ಸಿಬ್ಬಂದಿಯೋ ಎಂಬುದನ್ನು ಬರಹದಲ್ಲಿ ಕೇಳಿ. ಚಿಕಿತ್ಸೆ ಮುಂದುವರಿಸುವ ಡಾಕ್ಟರಿಗೂ ಇದೇ ಬೇಕು. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಡಿ ಕ್ಲಿನಿಕ್ ನೋಂದಣಿ ಆಗಿದೆಯೇ ಎಂದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಬಹುದು.

ಮಾತುಕತೆಯಲ್ಲಿ ಬಗೆಹರಿಯದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗಕ್ಕೂ ದೂರು ಕೊಡಬಹುದು. ವಕೀಲರು ಕಡ್ಡಾಯವಲ್ಲ, ಚಿಕಿತ್ಸೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಗಡುವು ಮಾತ್ರ ಎರಡು ವರ್ಷ. ಕಲೆ ಮಾಸಲಿ, ಆಮೇಲೆ ನೋಡೋಣ ಎಂದು ಕೂತವರು ತಾರೀಖು ಬರೆದಿಟ್ಟುಕೊಂಡಿರಿ.