ಹಣೆಯ ಮೇಲಿನ ಐದು ಎಸಳು

ಚೀನಾದ ಗೊಂಗ್‌ಬಿ ಎಂಬ ಸೂಕ್ಷ್ಮ ಕುಸುರಿಯ ಚಿತ್ರಶೈಲಿಯಲ್ಲಿ ಹೂದೇವತೆಯನ್ನು ಬರೆಯಲು ಕೂತಾಗ ನಾನು ಮೊದಲು ಹುಡುಕಿದ್ದು ಲಕ್ಷಣಗಳನ್ನು. ಮೈಸೂರು ಶೈಲಿಯಲ್ಲಿ ಕೈ ಪಳಗಿದ ನನಗೆ ದೇವತೆ ಎಂದರೆ ಆಯುಧ, ವಾಹನ, ಮುದ್ರೆ. ಇಲ್ಲಿ ಗುರುತು ಹೂವಿನಿಂದಲೇ. ಚಾಂದ್ರಮಾನದ 12 ತಿಂಗಳಿಗೆ 12 ಹೂವು, ಒಂದೊಂದಕ್ಕೂ ಒಬ್ಬ ಅಧಿದೇವತೆ. ಪಟ್ಟಿ ಎಲ್ಲ ಕಡೆ ಒಂದೇ ಇಲ್ಲ. ಹಲವರು ಒಂದು ಕಾಲದಲ್ಲಿ ಮನುಷ್ಯರೇ: ಆರನೇ ತಿಂಗಳ ತಾವರೆಗೆ ಚೆಲುವೆ ಶೀ ಶಿ, ಒಂಬತ್ತನೇ ತಿಂಗಳ ಸೇವಂತಿಗೆಗೆ ಅಧಿಕಾರ ಬಿಟ್ಟು ಹೊಲಕ್ಕೆ ಮರಳಿದ ಕವಿ ತಾವ್ ಯುವಾನ್‌ಮಿಂಗ್.

ನಾನು ಆರಿಸಿಕೊಂಡದ್ದು ಮೊದಲ ತಿಂಗಳ ಪ್ಲಮ್ ಹೂವಿನ ಶೌಯಾಂಗ್ ರಾಜಕುಮಾರಿಯನ್ನು. 5ನೇ ಶತಮಾನದ ಲಿಯೂ ಸೊಂಗ್ ವಂಶದ ವೂ ಚಕ್ರವರ್ತಿಯ ಮಗಳು. ಅರಮನೆಯ ಸೂರಿನಡಿ ಮಲಗಿದ್ದಾಗ ಹೂವೊಂದು ಹಣೆಗೆ ಬಿದ್ದು ಐದೆಸಳಿನ ಅಚ್ಚು ಉಳಿಯಿತಂತೆ. ಅಂತಃಪುರದ ಹೆಂಗಳೆಯರೆಲ್ಲ ಹಾಗೆಯೇ ಬರೆದುಕೊಳ್ಳತೊಡಗಿದರಂತೆ. ದಿನಾ ಕುಂಕುಮ ಇಟ್ಟುಕೊಳ್ಳುವ ನನಗೆ ಈ ಕಥೆ ಬಲು ಹತ್ತಿರವಾಯಿತು.

ಚೌಕಟ್ಟಿಗೆ ಬಿಗಿದ ರೇಷ್ಮೆಗೆ ಮೊದಲು ಸರೇಸು ಮತ್ತು ಪಟಿಕದ ನೀರು ಬಳಿಯಬೇಕು. ನನ್ನ ಮೊದಲ ರೇಷ್ಮೆಗೆ ಪಟಿಕ ಹೆಚ್ಚಾಗಿ, ಒಣಗಿದ ಮೇಲೆ ಹರಳು ಮಿನುಗಿತು, ಕುಂಚ ನಿಲ್ಲಲಿಲ್ಲ. ಅದನ್ನು ಬಿಚ್ಚಿ ಹೊಸದು ಬಿಗಿದೆ. ಮಸಿಗೆರೆ ಬೇಗ ಮುಗಿಯಿತು.

ಬಣ್ಣದ ಕೆಲಸವೇ ತಪಸ್ಸು. ಒಂದೇ ಕೈಯಲ್ಲಿ ಎರಡು ಕುಂಚ: ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಬರೀ ನೀರು. ಎಸಳಿನ ಬುಡಕ್ಕೆ ತೆಳುಗೆಂಪು ಇಟ್ಟು, ಅದು ಆರುವ ಮೊದಲೇ ಬೆರಳಲ್ಲಿ ಕುಂಚ ತಿರುಗಿಸಿ, ನೀರಿನಿಂದ ಅಂಚಿನ ಕಡೆಗೆ ಕರಗಿಸುತ್ತಾ ಹೋಗಬೇಕು. ಪೂರ್ತಿ ಒಣಗಿದ ಮೇಲೆ ಇನ್ನೊಂದು ಪದರ. ‘ಮೂರು ಪಟಿಕ, ಒಂಬತ್ತು ಬಣ್ಣ’ ಎಂದು ಅಲ್ಲಿನವರ ಮಾತು. ನಡುನಡುವೆ ತೆಳು ಪಟಿಕದ ನೀರು ಕೊಟ್ಟರೆ ಕೆಳಗಿನ ಬಣ್ಣ ಏಳುವುದಿಲ್ಲ. ಅವಸರಪಟ್ಟು ಗಾಢವಾಗಿ ಬಳಿದ ಒಂದು ಎಸಳು ಕೊನೆಯವರೆಗೂ ಕಾಗದದ ಹೂವಿನಂತೆಯೇ ಉಳಿಯಿತು. ಕೇಸರಕ್ಕೆ ಗ್ಯಾಂಬೋಜ್, ಮೈಸೂರು ಚಿತ್ರಗಳ ಗೆಸ್ಸೋ ಕೆಲಸಕ್ಕೂ, ಅಂದರೆ ಚಿನ್ನದ ರೇಕಿನ ಕೆಳಗಿನ ಉಬ್ಬು ಲೇಪಕ್ಕೂ, ಬಳಸುವ ಅದೇ ಹಳದಿ ಮರದಂಟು. ಅದು ವಿಷ, ಕುಂಚದ ತುದಿಯನ್ನು ತುಟಿಗೆ ತಾಗಿಸಲೇಬಾರದು.

ಮುಖಕ್ಕೆ ಚಿಪ್ಪಿನ ಸುಣ್ಣದ ಬಿಳಿ, ಅದೂ ರೇಷ್ಮೆಯ ಹಿಂಬದಿಯಿಂದ. ಎಸಳಿಗೂ ಹಾಗೆಯೇ ಕೊಟ್ಟೆ. ಮುಂದಿನಿಂದ ನೋಡಿದರೆ ಬಿಳುಪು ಚರ್ಮದ ಒಳಗಿನಿಂದ ಬಂದಂತಿತ್ತು. ಕೆನ್ನೆಗೆ ಕೊಂಬೆಯ ಹೂವಿನದೇ ಕೆಂಪನ್ನು, ಅದೇ ಎರಡು ಕುಂಚದಿಂದ ಕರಗಿಸಿದೆ. ಹಣೆಯ ಐದು ಎಸಳನ್ನು ಕೊನೆಗೆ ಉಳಿಸಿಕೊಂಡಿದ್ದೆ. ಬೆಳಗ್ಗೆ ಎದ್ದು, ಸ್ನಾನ ಮಾಡಿ, ಅದನ್ನು ಬರೆದೆ.